ಅಫೇರ್ಸ್ ಓದಲು ಹೊರಟ ಹುಡುಗಿ

ಚಳಿಗಾಲ ಬಂದು ಚಾವಣಿ ಹೊದಿಸುವ ಕೆಲಸ ನಿಂತಿತೆಂದರೆ ದಿನಿಸ್ ಅರೂಡಾನಿಗೆ ಮನೆಯವರ ತಪ್ಪುಗಳೆಲ್ಲ ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತವೆ. ದೀಪ ಯಾರು ಆರಿಸಿಲ್ಲ, ಬಿಸಿನೀರು ಯಾರು ಖಾಲಿ ಮಾಡಿದರು, ಬಾಗಿಲು ಯಾಕೆ ಸರಿಯಾಗಿ ಮುಚ್ಚಿಲ್ಲ. ಏಪ್ರಿಲ್ ಬರುವವರೆಗೆ ಅವನೆದುರು ಯಾರೂ ಹೊಸ ಮಾತು ಎತ್ತುವುದಿಲ್ಲ. ದೊಡ್ಡ ಮಗಳು ಲಿಡಿಯಾ ನವೆಂಬರಿನಲ್ಲೇ ಎತ್ತಿದಳು. ಅರ್ಜಿ ಹಾಕುವ ಕೊನೆಯ ದಿನ ದಿನಿಸನ ಸಿಟ್ಟು ಇಳಿಯಲಿ ಎಂದು ಕಾಯುವುದಿಲ್ಲವಲ್ಲ.

ಭಾನುವಾರ ಚರ್ಚಿನಿಂದ ಬಂದವರೆಲ್ಲ ಅಜ್ಜಿಯ ಅಡುಗೆಮನೆಯಲ್ಲಿ ಉಣ್ಣುವುದು ಪದ್ಧತಿ. ಫಾಲ್ ರಿವರ್ ಊರಿನ ಆ ಬೀದಿಯಲ್ಲಿ ಎಲ್ಲವೂ ಮರದ ಮೂರಂತಸ್ತಿನ ಮನೆಗಳು. ಇವರದರಲ್ಲಿ ಕೆಳಗೆ ದಿನಿಸನ ತಾಯಿ ದಿಯೊಲಿಂಡಾ, ನಡುವೆ ದಿನಿಸ್, ಅವನ ಹೆಂಡತಿ ಜೆಲಿಯಾ ಮತ್ತು ಇಬ್ಬರು ಹೆಣ್ಣುಮಕ್ಕಳು, ಮೇಲೆ ಬಾಡಿಗೆಯವರು. ಅಜ್ಜಿ ಕೇಲ್ ಸೊಪ್ಪಿನ ಸೂಪಿಗೆ ಕೆಂಪು ಸಾಸೇಜು ಹೆಚ್ಚಿ ಹಾಕುತ್ತಿದ್ದಾಗ ಲಿಡಿಯಾ ಹೇಳಿಬಿಟ್ಟಳು.

"ನಾನು ಮತ್ತೆ ಓದಕ್ಕೆ ಹೋಗ್ಬೇಕು ಅಂತಿದೀನಿ. ಎಂ.ಎ. ಪಶ್ಚಿಮ ನ್ಯೂಯಾರ್ಕಲ್ಲಿ."

"ಏನು ಓದ್ತೀಯಾ?" ಎಂದಳು ಅಮ್ಮ.

"ಸ್ಟೂಡೆಂಟ್ ಅಫೇರ್ಸ್."

ಅಜ್ಜಿಯ ಚಾಕು ನಿಂತಿತು. ಪೋರ್ಚುಗೀಸರ ಅಸೋರ್ಸ್ ದ್ವೀಪ ಬಿಟ್ಟು ಬಂದು ನಲವತ್ತು ವರ್ಷವಾದರೂ ಅವಳ ಇಂಗ್ಲಿಷ್ ಎಲ್ಲ ಮಧ್ಯಾಹ್ನದ ಟೀವಿ ಧಾರಾವಾಹಿಗಳಿಂದ ಕಲಿತದ್ದು. ಅಲ್ಲಿ ಅಫೇರ್ ಎಂಬ ಮಾತಿಗೆ ಇರುವುದು ಒಂದೇ ಅರ್ಥ.

"ಅಯ್ಯೋ ದೇವಮಾತೆ! ಅದನ್ನೂ ಕಾಲೇಜಲ್ಲಿ ಹೇಳ್ಕೊಡ್ತಾರಾ?"

"ಪ್ರಾಕ್ಟಿಕಲ್ಲೂ ಇರತ್ತೆ ವವೋ," ಎಂದಳು ತಂಗಿ ಕ್ರಿಸ್ಟಾ. ಅವಳಿಗೆ ಹದಿನಾರು, ಮೊಮ್ಮಕ್ಕಳಿಬ್ಬರೂ ಅಜ್ಜಿಯನ್ನು ಕರೆಯುವುದು ವವೋ ಎಂದೇ.

"ಬಾಯ್ಮುಚ್ಚೇ! ಹಾಗಲ್ಲ ವವೋ. ಕಾಲೇಜಿಗೆ ಬಂದ ಮಕ್ಕಳ ವಸತಿ, ಜಗಳ, ಕಾಯಿಲೆ, ಬೇಜಾರು, ಪಾಠ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ನೋಡ್ಕೊಳ್ಳೋರು ಇರ್ತಾರಲ್ಲ, ಆ ಕೆಲಸ. ನಾನು ಹಾಸ್ಟೆಲ್ಲಲ್ಲಿ ಮೂರು ವರ್ಷ ಒಂದು ಮಹಡಿ ಮಕ್ಕಳನ್ನ ನೋಡ್ಕೊಂಡೆನಲ್ಲ, ಅದೇ."

"ಹಾಡುಗೀಡು ಹಾಕಬೇಡ್ರೋ, ಮಲಕ್ಕೊಳ್ರೋ ಅನ್ನೋದಕ್ಕೆ ಎಂ.ಎ. ಬೇಕಾ?" ಎಂದ ದಿನಿಸ್. "ಡೆಂಟಿಸ್ಟ್ ಹತ್ರ ಕೆಲಸ ಇದೆ. ಬೆಚ್ಚಗೆ ಕೂತ್ಕೋತೀಯಾ. ಏಣಿ ಹತ್ತಬೇಕಾ, ಇಳೀಬೇಕಾ?"

"ಎರಡು ವರ್ಷ ಕೂತೆನಪ್ಪ. ಬೇರೆಯೋರ ಹಲ್ಲಿನ ಲೆಕ್ಕ ಬರೆದೂ ಬರೆದೂ ಸಾಕಾಯ್ತು."

"ಆ ಹಲ್ಲೇ ನಿಂಗೆ ಅನ್ನ ಕಣೇ."

"ವವೋನ ಡಾಕ್ಟರ ಹತ್ರ ಯಾರು ಕರ್ಕೊಂಡು ಹೋಗ್ತಾರೆ?" ಎಂದಳು ಜೆಲಿಯಾ. "ನಿಮ್ಮಪ್ಪನ ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ಅರ್ಧ ಗಂಟೆ ಯಾರು ಕಾಯ್ತಾರೆ?"

ಎಲ್ಲರೂ ಕ್ರಿಸ್ಟಾಳ ಕಡೆ ತಿರುಗಿದರು. ಅವಳ ನಗು ಅಲ್ಲಿಗೆ ನಿಂತಿತು.

ಸೀಟು ಸಿಗುವುದು ಅರ್ಧ ಕೆಲಸ ಮಾತ್ರ ಎಂಬುದು ಲಿಡಿಯಾಳಿಗೆ ಗೊತ್ತಿತ್ತು. ಆ ಕಾಲೇಜಿನ ಹಾಸ್ಟೆಲ್ಲೊಂದನ್ನು ನೋಡಿಕೊಳ್ಳುವ ಕೆಲಸವೂ ಜೊತೆಗೆ ಸಿಕ್ಕರೆ ಫೀಸಿಲ್ಲ, ಇರಲು ಮನೆ, ಎರಡು ಹೊತ್ತು ಊಟ. ಕೆಲಸ ಸಿಗದಿದ್ದರೆ ಸೀಟಿದ್ದೂ ಇಲ್ಲ. ಡೆಂಟಿಸ್ಟನ ಕುರ್ಚಿಯೇ ಗತಿ. ಹಾಗಾಗಿ ಅರ್ಜಿಯ ಜೊತೆ ಕಳಿಸುವ ಪ್ರಬಂಧ ಓದಿದವರ ಮನಸ್ಸು ಕರಗುವಂತಿರಬೇಕು. ಅವಳು ನೋಡಿದ ಮಾದರಿ ಪ್ರಬಂಧಗಳಲ್ಲೆಲ್ಲ ಒಂದೇ ಕತೆ: ಮನೆಯಲ್ಲಿ ಓದಿದವರಿಲ್ಲ, ಕೈಹಿಡಿದು ನಡೆಸುವವರಿಲ್ಲ, ನಾನೊಬ್ಬಳೇ ಹೋರಾಡಿ ಗೆದ್ದೆ. ಲಿಡಿಯಾ ಅದನ್ನೇ ತನ್ನ ಮಾತಿನಲ್ಲಿ ಬರೆದಳು, ಚೆನ್ನಾಗಿಯೂ ಬರೆದಳು.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿ ಒಲೆಯಲ್ಲಿ ಬೇಯುತ್ತಿತ್ತು. ಲಿಡಿಯಾ ಆಲೂಗಡ್ಡೆ ಸುಲಿಯುತ್ತಿದ್ದಳು. ಇಸ್ತ್ರಿ ಮೇಜಿನ ಮೇಲೆ ತೆರೆದಿಟ್ಟಿದ್ದ ಅವಳ ಲ್ಯಾಪ್‌ಟಾಪಿನ ಮುಂದೆ ಕ್ರಿಸ್ಟಾ ನಿಂತು, ಅಜ್ಜಿಗೆ ಅರ್ಥವಾಗಲೆಂದು ಪೋರ್ಚುಗೀಸಿಗೆ ತಿರುಗಿಸುತ್ತಾ, ಚರ್ಚಿನಲ್ಲಿ ಬೈಬಲ್ ಓದುವ ರಾಗದಲ್ಲಿ ಓದತೊಡಗಿದಳು.

"ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ನನಗೆ ಸಹಾಯ ಮಾಡಲು ಯಾರೂ ಇರಲಿಲ್ಲ. ನಾನು ಒಂಟಿಯಾಗಿ..."

"ಕ್ರಿಸ್ಟಾ, ಕೊಡು ಅದನ್ನ!" ಲಿಡಿಯಾ ಓಡಿಬಂದಳು. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ದಿನಿಸ್ ಬಾಗಿಲಲ್ಲಿ ನಿಂತಿದ್ದ.

"ಯಾರೂ ಇರಲಿಲ್ವಾ?"

"ಅಪ್ಪ, ಅದು ಹಾಗಲ್ಲ..."

"ಮೆಟ್ಟಿಲು ಹತ್ತಿದೋರಿಲ್ವಾ? ನಿನ್ನ ಫ್ರಿಜ್ಜು ಹಾಸ್ಟೆಲ್ ಮೆಟ್ಟಿಲು ಹತ್ತಿದ್ದು ಯಾರ ಬೆನ್ನ ಮೇಲೆ? ಅದಕ್ಕೇ ಕಾಲು ಬಂದು ಹತ್ಕೊಂಡು ಹೋಯ್ತಾ?"

"ಎಲ್ಲರೂ ಹೀಗೇ ಬರೀತಾರಪ್ಪ. ಹೀಗೆ ಬರೆದ್ರೆನೇ ತಗೋತಾರೆ."

"ಎಲ್ಲರೂ ಅಪ್ಪ ಸತ್ತ ಅಂತ ಬರೆದ್ರೆ ನೀನೂ ನನ್ನ ಸಾಯಿಸ್ತೀಯಾ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಕಣೇ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಸಂಜೆಯೊಳಗೆ ಎಲ್ಲ ತಣ್ಣಗಾಗುತ್ತಿತ್ತು. ಅವಳೊಡನೆ ಮಾತು ಬಿಟ್ಟ. ಆ ದಿನದ ಊಟದಿಂದಲೇ ಶುರು.

"ಅಮ್ಮ, ಸಹಾಯಕ್ಕೆ ಯಾರೂ ಇಲ್ಲದ ಆ ಹುಡುಗಿಗೆ ಹೇಳು, ಉಪ್ಪು ಈ ಕಡೆ ಕೊಡಲಿ."

"ನಿನ್ನ ಕೈಗೆ ಸಿಗತ್ತಲ್ಲೋ," ಎಂದಳು ಅಜ್ಜಿ.

"ನಾನೂ ಒಂಟಿಯಾಗಿ ಹೋರಾಡ್ತಿದೀನಿ."

ಎರಡು ವಾರ ಹೀಗೇ ನಡೆಯಿತು. ಕಾರಿನ ಬೀಗದಕೈ ಬೇಕಾದರೆ ಅಜ್ಜಿಗೆ ಹೇಳುವುದು, ಕಸ ಹೊರಗಿಡಬೇಕಾದರೆ ಗೋಡೆಗೆ ಹೇಳುವುದು. ಲಿಡಿಯಾಳಿಗೆ ಮೊದಲು ಸಿಟ್ಟು ಬಂತು. ತಾನು ಬರೆದದ್ದರಲ್ಲಿ ಸುಳ್ಳೇನಿದೆ? ಫಾರಂ ತುಂಬುವಾಗ, ವಿಷಯ ಆರಿಸುವಾಗ, ಮೊದಲ ವರ್ಷ ಒಂದು ಪರೀಕ್ಷೆಯಲ್ಲಿ ಫೇಲಾಗಿ ಅಳುವಾಗ ಇವರಿಗೇನು ತಿಳಿದಿತ್ತು?

ಜೆಲಿಯಾ ವೃದ್ಧಾಶ್ರಮದ ಕೆಲಸದಿಂದ ಬಂದು, ಒಣಗಿದ ಬಟ್ಟೆ ಮಡಿಸುತ್ತಾ, ಮಗಳ ಮುಖ ನೋಡದೆಯೇ ಅಂದಳು:

"ನಂಗೂ ಬೇಜಾರಾಯ್ತು ಕಣೇ. ನಿಮ್ಮಪ್ಪ ಹೇಳಿದ, ನಾನು ಹೇಳ್ಲಿಲ್ಲ, ಅಷ್ಟೇ."

"ಅಮ್ಮ, ನೀನೂನಾ?"

"ಭಾನುವಾರ ಭಾನುವಾರ ಅಷ್ಟು ದೊಡ್ಡ ಪಾತ್ರೆಲಿ ಸೂಪು ಯಾರಿಗೆ ಕಳಿಸ್ತಿದ್ದೆ? ನಿನ್ನೊಬ್ಬಳ ಹೊಟ್ಟೆಗಾ? ನಿನ್ನ ಮಹಡಿ ಮಕ್ಕಳೆಲ್ಲಾ ತಿಂದ್ರು. ಆ ಪಾತ್ರೆ ಇನ್ನೂ ವಾಪಸ್ ಬಂದಿಲ್ಲ."

ಲಿಡಿಯಾ ಒಂದು ದುಪ್ಪಟಿ ಹಿಡಿದು ನಿಂತಳು. ಆ ಸೂಪಿಗಾಗಿ ಮಕ್ಕಳು ತಮ್ಮ ತಮ್ಮ ಬಟ್ಟಲು ಹಿಡಿದು ಕೋಣೆಗಳಿಂದ ಹೊರಬರುತ್ತಿದ್ದರು. ಯಾರು ಬರಲಿಲ್ಲ ಎಂದು ನೋಡಿಯೇ ಅವಳು ಯಾವ ಬಾಗಿಲು ತಟ್ಟಬೇಕೆಂದು ತಿಳಿಯುತ್ತಿದ್ದಳು. ಅಜ್ಜಿ ಫೋನು ಮಾಡಿದಾಗ ಪಾಠ ಹೇಗಿದೆ ಎಂದು ಒಮ್ಮೆಯೂ ಕೇಳಿದ್ದಿಲ್ಲ. "ಇವತ್ತು ಯಾರ ಜೊತೆ ಊಟ ಮಾಡ್ದೆ?" ಎಂಬುದೊಂದೇ ಅವಳ ಪ್ರಶ್ನೆ. ಮೊದಲ ತಿಂಗಳು ಲಿಡಿಯಾಳಿಗೆ ಅದಕ್ಕೆ ಉತ್ತರವಿರಲಿಲ್ಲ. ಅಜ್ಜಿ ದಿನಾ ಕೇಳುತ್ತಾಳಲ್ಲ ಎಂಬ ಕಾಟಕ್ಕೇ ಎದುರು ಕೋಣೆಯ ಹುಡುಗಿಯನ್ನು ಊಟಕ್ಕೆ ಕರೆದಿದ್ದಳು. ಆಮೇಲೆ ತಾನೂ ಆ ಪ್ರಶ್ನೆಯನ್ನೇ ತನ್ನ ಮಹಡಿಯ ಮಕ್ಕಳಿಗೆ ಕೇಳುತ್ತಾ ಬಂದಳು. ಅವಳಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು ನಾಚಿಕೆ. ಪ್ರಬಂಧವನ್ನು ಪೂರ್ತಿ ಅಳಿಸಿ ಮತ್ತೆ ಬರೆಯಲು ಕೂತಳು.

ಅರ್ಜಿಯ ಕೊನೆಯ ದಿನದ ಹಿಂದಿನ ಸಂಜೆ ಅಡುಗೆಮನೆಯ ಸಿಂಕ್ ಕಟ್ಟಿಕೊಂಡು, ದಿನಿಸ್ ಅದರ ಕೆಳಗೆ ತಲೆ ತೂರಿಸಿ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಕಾಲು ಮಾತ್ರ. ಜೆಲಿಯಾ ಹೊಸ ಪ್ರಬಂಧವನ್ನು ಗಟ್ಟಿಯಾಗಿ ಓದಿದಳು. ಯಾರಿಗೆ ಕೇಳಿಸಲೆಂದು ಅಷ್ಟು ಗಟ್ಟಿಯಾಗಿ ಎಂಬುದು ಎಲ್ಲರಿಗೂ ಗೊತ್ತಿತ್ತು.

"'ಹಾಸ್ಟೆಲ್ಲಿಗೆ ಸೇರಿದ ದಿನ ನನ್ನ ಅಪ್ಪ ಫ್ರಿಜ್ಜನ್ನು ಬೆನ್ನ ಮೇಲೆ ಹೊತ್ತು ಮೂರನೇ ಮಹಡಿಗೆ...'"

"ನಾಲ್ಕನೇ," ಎಂದಿತು ಸಿಂಕಿನ ಕೆಳಗಿನ ದನಿ.

ಜೆಲಿಯಾ ನಿಲ್ಲಿಸಿದಳು. ಕ್ರಿಸ್ಟಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಮೂರನೇದಪ್ಪ," ಎಂದಳು ಲಿಡಿಯಾ. "ನನ್ನ ಕೋಣೆ ಮುನ್ನೂರ ಹನ್ನೆರಡು."

"ಕೆಳಗೊಂದು ನೆಲಮಾಳಿಗೆ ಇತ್ತಲ್ಲ, ಗಾಡಿ ಅಲ್ಲೇ ನಿಲ್ಲಿಸು ಅಂದಿದ್ರಲ್ಲ, ಅದನ್ನ ನಿನ್ನ ಮಾವ ಹತ್ತಿದ್ನಾ? ಹತ್ತಿದ್ದು ನಾಲ್ಕು. ಲಿಫ್ಟ್ ಕೆಟ್ಟಿತ್ತು, ಅದನ್ನೂ ಬರಿ. ದಾರಿಲಿ ಇನ್ನೊಬ್ಬಳು ಹುಡುಗಿ ಪೆಟ್ಟಿಗೆ ಹಿಡ್ಕೊಂಡು ಅಳ್ತಾ ನಿಂತಿದ್ಲು, ಅವಳದ್ದೂ ಹೊತ್ಕೊಂಡು ಹೋದೆ. ಅದು ನಿಂಗೆ ಗೊತ್ತೇ ಇಲ್ಲ."

"ಗೊತ್ತಿರಲಿಲ್ಲಪ್ಪ."

"ಮತ್ತೆ? ಗೊತ್ತಿಲ್ದೇ ಇದ್ಮೇಲೆ ಕೇಳ್ಬೇಕು. ಆ ಪಾನಾ ಕೊಡು ಇಲ್ಲಿ."

ಲಿಡಿಯಾ ಪಾನಾ ಕೊಟ್ಟಳು. ಅವನ ಕೈ ಪಾನಾದ ಜೊತೆ ಅವಳ ಬೆರಳುಗಳನ್ನೂ ಒಮ್ಮೆ ಒತ್ತಿ ಬಿಟ್ಟಿತು. ಅವಳು ನಾಲ್ಕು ಎಂದು ತಿದ್ದಿ, ಅಳುತ್ತಿದ್ದ ಹುಡುಗಿಯ ಪೆಟ್ಟಿಗೆಯನ್ನೂ ಸೇರಿಸಿ, ಅರ್ಜಿ ಕಳಿಸಿದಳು.

ಜನವರಿಯಲ್ಲಿ ಒಂದು ದಿನ ಲಿಡಿಯಾ ಕೆಲಸದಿಂದ ಬಂದಾಗ ಅಜ್ಜಿ ಮೆಟ್ಟಿಲ ಬುಡದಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಕಾಲ ಕೆಟ್ಟುಹೋಯ್ತು. ಯಾವಳೋ ಮಾನಗೆಟ್ಟೋಳು ಫೋನ್ ಮಾಡಿದ್ಲು. ಅಫೇರ್ಸ್ ಆಫೀಸಿಂದ ಅಂತೆ! ಅದಕ್ಕೂ ಆಫೀಸ್ ಇಟ್ಕೊಂಡಿದಾರೆ. ಮಾನಗೆಟ್ಟೋಳೇ, ಇದು ಮರ್ಯಾದಸ್ಥರ ಮನೆ ಅಂತ ಹೇಳಿ ಇಟ್ಟೆ. ಮತ್ತೆ ಮಾಡಿದ್ಲು, ಮತ್ತೆ ಇಟ್ಟೆ."

"ವವೋ!" ಲಿಡಿಯಾ ಗೋಡೆಗೆ ಒರಗಿಬಿಟ್ಟಳು. ಅರ್ಜಿಯಲ್ಲಿ ಮನೆಯ ಫೋನ್ ಎಂದು ಕೇಳಿದ್ದಲ್ಲಿ ಅಜ್ಜಿಯ ನಂಬರನ್ನು ಕೊಟ್ಟವಳು ಅವಳೇ. "ಅದು ಕಾಲೇಜು! ನನ್ನ ಕಾಲೇಜು!"

"ಹಾಗಂತ ಹೇಳ್ಬೇಕಪ್ಪ ಅವಳು. ನಂಗೇನು ಕನಸು ಬೀಳತ್ತಾ?"

ಲಿಡಿಯಾ ಕೋಟು ಕೂಡ ಬಿಚ್ಚದೆ ತಿರುಗಿ ಫೋನು ಮಾಡಿದಳು. ಆ ಕಡೆ ಎತ್ತಿದವರು ಹಾಸ್ಟೆಲ್‌ಗಳ ನಿರ್ದೇಶಕಿ ರೆನಿತಾ ಕೋಲ್ಸ್. ಲಿಡಿಯಾ ತಡವರಿಸುತ್ತಾ ವಿವರಿಸಿದಾಗ ಅವರು ಕೆಮ್ಮು ಬರುವಷ್ಟು ನಕ್ಕರು. "ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಮಾನಗೆಟ್ಟೋಳು ಅಂತ ಬೈಸ್ಕೊಂಡಿದ್ದು ಇವತ್ತೇ," ಎಂದರು. ಆಮೇಲೆ ವಿಷಯಕ್ಕೆ ಬಂದರು. ಸೀಟು ಸಿಕ್ಕಿದೆ. ಹಾಸ್ಟೆಲ್ ಕೆಲಸಕ್ಕೆ ಫೆಬ್ರವರಿ ಕೊನೆಯ ವಾರಾಂತ್ಯ ಸಂದರ್ಶನ. ಬರುವವರು ಮೂವತ್ತು ಜನ, ಕೆಲಸ ಆರು.

ಸಂದರ್ಶನಕ್ಕೆ ಹೊರಟ ದಿನ ಹಿಮ ಬೀಳುವ ಸೂಚನೆ ಇತ್ತು. ಅವಳ ಹಳೆಯ ಕಾರು ಆ ಗುಡ್ಡಗಳನ್ನು ಹತ್ತುವುದಿಲ್ಲವೆಂದು ದಿನಿಸ್ ತನ್ನ ಟ್ರಕ್ಕನ್ನೇ ತೆಗೆದ. ಅಜ್ಜಿ ಹಿಂದಿನ ದಿನವಿಡೀ ನಾದಿ ಬೇಯಿಸಿದ ಸಿಹಿ ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಳು.

"ಆ ಫೋನಿನವಳಿಗೆ ಕೊಡು. ಬೈದಿದ್ದು ಬೈದಾಯ್ತು, ಬಾಯಿ ಸಿಹಿ ಮಾಡ್ಲಿ."

"ಲಂಚ ಆಗತ್ತೆ ವವೋ!"

"ಬ್ರೆಡ್ಡು ಯಾವತ್ತಾದ್ರೂ ಲಂಚ ಆಗತ್ತೇನೇ? ಲಂಚ ಅಂದ್ರೆ ಕೋಳಿ."

ಕಾಲೇಜು ತಲುಪಿದಾಗ ಲಿಡಿಯಾ ಬೇಕೆಂದೇ ಅದನ್ನು ಟ್ರಕ್ಕಿನಲ್ಲಿ ಬಿಟ್ಟು ಒಳಗೆ ಹೋದಳು.

ಬೆಳಗಿನ ಎರಡು ಸಂದರ್ಶನ ನೀರಸವಾಗಿ ಮುಗಿದವು. ಅವಳು ಪುಸ್ತಕದ ಮಾತಾಡಿದಳು, ಅವರು ಸುಮ್ಮನೆ ತಲೆಯಾಡಿಸಿದರು. ಪಕ್ಕದಲ್ಲಿ ಕೂತಿದ್ದ ಹುಡುಗರ ಸೂಟು, ಸರಾಗ ಮಾತು ಕಂಡು ಅವಳ ಎದೆ ಕುಸಿಯಿತು. ಮೂರನೆಯದು ರೆನಿತಾ ಕೋಲ್ಸರ ಎದುರು, ಅದೂ ಮುಚ್ಚಿದ ಬಾಗಿಲಿನ ನಾಟಕ. ಹಾಸ್ಟೆಲ್ಲಿನಲ್ಲಿ ದುಡಿದವರೆಲ್ಲ ಒಮ್ಮೆಯಾದರೂ ಆಡಿರುವ ಆಟ ಅದು. ಹಿರಿಯ ವಿದ್ಯಾರ್ಥಿಯೊಬ್ಬ ಎರಡು ದಿನದಿಂದ ಹೊರಬಾರದ ಹುಡುಗನ ಪಾತ್ರ ಹಾಕಿ ಕೋಣೆಯೊಳಗಿರುತ್ತಾನೆ. ಬಾಗಿಲು ತಟ್ಟಿ ಅವನನ್ನು ಸಂಭಾಳಿಸಬೇಕು.

ಲಿಡಿಯಾ ತಟ್ಟಿದಳು.

"ಚೆನ್ನಾಗೇ ಇದೀನಿ. ಹೋಗಿ," ಎಂದಿತು ಒಳಗಿನ ದನಿ.

"ನಿಮಗೆ ಇಲ್ಲಿ ಹಲವು ಬಗೆಯ ನೆರವು ಲಭ್ಯವಿದೆ..." ಎಂದು ಶುರುಮಾಡಿದವಳಿಗೆ ತನ್ನದೇ ದನಿ ಡೆಂಟಿಸ್ಟನ ಆಫೀಸಿನ ಫೋನಿನಲ್ಲಿ ತಾನು ದಿನಾ ಒಪ್ಪಿಸುವ ಪಾಠದಂತೆ ಕೇಳಿಸಿತು. ನಿಲ್ಲಿಸಿದಳು. ಬೆಳಿಗ್ಗೆ ಇಸ್ತ್ರಿ ಹಾಕಿದ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟಳು.

"ನಾನು ಲಿಡಿಯಾ. ನಿನ್ನೆ ಯಾರ ಜೊತೆ ಊಟ ಮಾಡ್ದೆ?"

"ಊಟ ಮಾಡ್ದೆ."

"ಮಾಡ್ದ್ಯಾ ಅಂತ ಕೇಳ್ಲಿಲ್ಲ. ಯಾರ ಜೊತೆ?"

ಆ ಹುಡುಗನಿಗೆ ಹೇಳಿಕೊಟ್ಟ ಮಾತುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನು, ನಾಟಕದ ದನಿಯೇ ಅಲ್ಲದ ದನಿಯಲ್ಲಿ, "ಯಾರೂ ಇಲ್ಲ," ಎಂದ.

"ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಬಾ, ಹೋಗೋಣ. ಮಾತಾಡ್ಲೇಬೇಕು ಅಂತಿಲ್ಲ. ನೀನು ತಿನ್ನು, ನಾನೂ ತಿಂತೀನಿ."

ಬಾಗಿಲು ತೆರೆಯಿತು. ರೆನಿತಾ ಕೋಲ್ಸ್ ಬರೆಯುವುದನ್ನು ಬಿಟ್ಟು ನೋಡುತ್ತಿದ್ದರು.

ಕಾಯುವ ಕೋಣೆಗೆ ಬಂದರೆ ಅಲ್ಲಿ ಕೆಲಸದ ಬೂಟು ಹಾಕಿಕೊಂಡ ದಿನಿಸ್, ಕೈಯಲ್ಲಿ ಬಿಳಿ ಗಂಟು. "ಮರೆತು ಬಂದಿದೀಯಲ್ಲೇ!" ಲಿಡಿಯಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹಿಂದಿನಿಂದಲೇ ಬಂದ ರೆನಿತಾ, ಅಭ್ಯರ್ಥಿಗಳಿಂದ ತಾವು ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದು ಮೆತ್ತಗೆ ಹೇಳಿದರು.

"ನೀವು ತಗೋಬಾರದು, ಸರಿ," ಎಂದ ದಿನಿಸ್. "ಈ ಮಕ್ಕಳು ತಿನ್ನಬಾರದು ಅಂತ ರೂಲ್ ಇದೆಯಾ?"

"ಅದಿಲ್ಲ."

ಅವನು ಜೇಬಿನ ಚಾಕು ತೆಗೆದು ಬ್ರೆಡ್ಡನ್ನು ತುಂಡು ತುಂಡು ಮಾಡಿ ಸೂಟು ಹಾಕಿದವರಿಗೆಲ್ಲ ಹಂಚಿದ. ಬೆಳಗಿನಿಂದ ಒಬ್ಬರನ್ನೊಬ್ಬರು ಕಳ್ಳನೋಟದಿಂದ ಅಳೆಯುತ್ತಿದ್ದವರು ಕೈ ನೆಕ್ಕುತ್ತಾ ಊರು ಕೇರಿ ವಿಚಾರಿಸತೊಡಗಿದರು. ರೆನಿತಾ ಲಿಡಿಯಾಳ ಕಿವಿಯ ಬಳಿ ಬಗ್ಗಿ ಕೇಳಿದರು:

"ಫ್ರಿಜ್ಜು ಹೊತ್ತವರು ಇವರೇನಾ?"

"ಇವರೇ," ಎಂದಳು ಲಿಡಿಯಾ. ನೆಲ ಬಾಯಿಬಿಡಲಿ ಎಂದು ಬೇಡಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ತಲೆಯೆತ್ತಿ ಇನ್ನೊಮ್ಮೆ ಹೇಳಿದಳು, "ಇವರೇ ನಮ್ಮಪ್ಪ."

ಮಾರ್ಚಿನ ಒಂದು ಸೋಮವಾರ ಇಂಥ ಕೆಲಸ ಕೊಡುವ ಕಾಲೇಜಿನವರೆಲ್ಲ ಒಂದೇ ಬೆಳಿಗ್ಗೆ ಕರೆ ಮಾಡಿ ತಿಳಿಸುವುದು ರೂಢಿ. ಕರೆದಾಗಲೇ ಹೂಂ ಅಥವಾ ಉಹೂಂ ಹೇಳಿಬಿಡಬೇಕು. ಆ ದಿನ ಜೆಲಿಯಾಳಿಗೆ ಇದ್ದಕ್ಕಿದ್ದಂತೆ ತಲೆನೋವು ಬಂತು, ಕ್ರಿಸ್ಟಾಳಿಗೆ ಹೊಟ್ಟೆನೋವು. ದಿನಿಸ್ ಚೆನ್ನಾಗಿಯೇ ಇದ್ದ ಕಿಟಕಿಯೊಂದನ್ನು ಬಿಚ್ಚಿ ಕೂತ. ಅಜ್ಜಿ ತನ್ನ ಫೋನನ್ನು ತಾನೇ ಎತ್ತಿ ಮೊಮ್ಮಗಳ ಮುಂದಿಟ್ಟು, ಜಪಮಾಲೆ ಹಿಡಿದು, "ನಾನಂತೂ ಮುಟ್ಟಲ್ಲಪ್ಪ," ಎಂದಳು.

ಹನ್ನೊಂದಾಯಿತು. ಯಾವ ಫೋನೂ ಬಡಿದುಕೊಳ್ಳಲಿಲ್ಲ. ಹನ್ನೆರಡಕ್ಕೆ ಲಿಡಿಯಾ ಎದ್ದು ಕೆಲಸಕ್ಕೆ ಹೋಗಲು ಕೋಟು ಹಾಕಿಕೊಂಡಳು. ಯಾರೂ ತಡೆಯಲಿಲ್ಲ. ಕೋಟಿನ ಜೇಬಿನಲ್ಲಿ ಮೊಬೈಲ್ ನಡುಗಿತು. ಅವಳು ಹೊರತೆಗೆಯುವಷ್ಟರಲ್ಲಿ ಕ್ರಿಸ್ಟಾ ಅದನ್ನು ಕಿತ್ತುಕೊಂಡು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಲಿಡಿಯಾ, ನಾನು ರೆನಿತಾ. ನಮ್ಮ ಅತಿ ದೊಡ್ಡ ಹಾಸ್ಟೆಲ್ಲನ್ನ ನಿಮಗೆ ಕೊಡ್ಬೇಕು ಅಂತಿದೀವಿ. ಅದಕ್ಕೇ ಎಲ್ಲರೂ ಒಪ್ಪೋದು ತಡ ಆಯ್ತು. ಏನಾದ್ರೂ ಕೇಳೋದಿದೆಯಾ?"

ಲಿಡಿಯಾ ಬಾಯಿ ತೆರೆದಳು. ಮಿಕ್ಕವರು ಅವಳಿಗೆ ಅವಕಾಶವೇ ಕೊಡಲಿಲ್ಲ.

"ಒಲೆ ಇದೆಯಾ ಮನೇಲಿ?" ಎಂದಳು ಜೆಲಿಯಾ.

"ಹತ್ರದಲ್ಲಿ ಚರ್ಚಿದೆಯಾ ಕೇಳು," ಎಂದಳು ಅಜ್ಜಿ.

"ತಂಗಿ ಬಂದು ಇರಬಹುದಾ?" ಎಂದಳು ಕ್ರಿಸ್ಟಾ.

"ಒಲೆ ಇದೆ. ಚರ್ಚು ಎರಡಿದೆ. ತಂಗಿ ಮೂರು ದಿನಕ್ಕಿಂತ ಹೆಚ್ಚು ಇರೋ ಹಾಗಿಲ್ಲ," ಎಂದರು ರೆನಿತಾ ನಗುತ್ತಾ. "ಏನಂತೀರಿ ಲಿಡಿಯಾ? ಒಪ್ಪಿಗೆಯಾ?"

ಲಿಡಿಯಾ ಅಪ್ಪನ ಮುಖ ನೋಡಿದಳು. ಅವನ ಒಂದು ಕೈಯಲ್ಲಿ ಕಿಟಕಿಯ ಚೌಕಟ್ಟು ಇನ್ನೂ ಹಾಗೇ ಇತ್ತು.

"ನನ್ನ ಮುಖ ಏನು ನೋಡ್ತೀಯಾ? ಹೋಗೋಳು ನೀನು.‌ ಹೇಳು."

"ಒಪ್ಪಿಗೆ!" ಎಂದಳು ಲಿಡಿಯಾ. ಹೇಳಿದ್ದಲ್ಲ, ಕೂಗಿದಳು. ಜೆಲಿಯಾ ಅಳುತ್ತಾ ನಗುತ್ತಾ ಅವಳನ್ನು ಕೋಟಿನ ಸಮೇತ ಬಾಚಿ ತಬ್ಬಿದಳು. ಕ್ರಿಸ್ಟಾ ಕುರ್ಚಿ ಹತ್ತಿ ಕುಣಿದಳು. ಅಜ್ಜಿ ಜಪಮಾಲೆಯನ್ನು ಮೊಮ್ಮಗಳ ಕೊರಳಿಗೇ ಹಾಕಿಬಿಟ್ಟಳು.

"ಒಂದು ಮಾತು ಮೊದಲೇ ಹೇಳ್ತೀನಿ," ಎಂದರು ರೆನಿತಾ, ಗದ್ದಲದ ನಡುವೆ. "ಮುನ್ನೂರ ಎಂಬತ್ತು ಮಕ್ಕಳು ಅಲ್ಲಿ. ಭಾರ ಜಾಸ್ತಿನೇ."

ದಿನಿಸ್ ಚೌಕಟ್ಟನ್ನು ಗೋಡೆಗೆ ಒರಗಿಸಿ ಬಂದು, ಫೋನಿನ ಮೇಲೆ ಬಗ್ಗಿದ.

"ಹೊರಿಸಿ ಮೇಡಂ. ಇನ್ನೊಂದು ಮಹಡಿ ಇದ್ರೆ ಅದನ್ನೂ ಸೇರಿಸಿ ಹೊರಿಸಿ. ನನ್ನ ಮಗಳು ಹೊರ್ತಾಳೆ."